ಸಮಾಲೋಚಕರ ಪೂರ್ವಾಶ್ರಮ

ಬೇರೆಯವರ ಮನೆಯ ಜಗಳ ಕೇಳುವುದಕ್ಕೇ ಸಂಬಳ ಕೊಡುವ ಕೆಲಸ ಸಿಕ್ಕರೆ, ನಗು ಬರುವಂಥದ್ದು ವಾರಕ್ಕೆ ಒಂದಾದರೂ ನಡೆಯುತ್ತದೆ. ಎದುರಿಗೆ ಅಳುವವರು ಕೂತಿರುವುದರಿಂದ ಆಗ ನಗುವ ಹಾಗಿರುವುದಿಲ್ಲ, ಅಷ್ಟೇ. ನಾನು ಆಗ ತಡೆದಿಟ್ಟುಕೊಂಡ ನಗೆಯ ಲೆಕ್ಕ ಇದು.

ಇದು ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾದಾಗಿನ ಮಾತು. ಹಾವೇರಿಯಲ್ಲಿ ಒಂದು ಸಂಸ್ಥೆ ಹರೆಯದ ಮಕ್ಕಳಿಗೂ ಅವರ ಮನೆಯವರಿಗೂ ಆಪ್ತ ಸಮಾಲೋಚನೆ ಮಾಡುವ ಕೇಂದ್ರ ತೆಗೆಯಿತು. ಹಾವೇರಿಯಲ್ಲಿ ಮುಖ್ಯ ಕಚೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿಯಲ್ಲಿ ಒಂದೊಂದು ಬಾಡಿಗೆ ಕೋಣೆ. ಮೂರು ಊರಿಗೂ ಸೇರಿ ಸಮಾಲೋಚಕರು ಮೂವರು. ಒಬ್ಬರು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾಗಿ ನಿವೃತ್ತರಾದವರು. ಅವರನ್ನು ಡ್ರಿಲ್ ಸರ್ ಎನ್ನುತ್ತಿದ್ದೆವು. ಇನ್ನೊಬ್ಬರು ಜೀವಮಾನವೆಲ್ಲ ಗಂಡು-ಹೆಣ್ಣಿನ ಸಂಬಂಧ ಕೂಡಿಸಿದವರು. ಅವರು ಊರಿಗೆಲ್ಲ ಕಾಕಾ. ಮೂರನೆಯವಳು ನಾನು. ಧಾರವಾಡದಲ್ಲಿ ಎರಡು ವರ್ಷ ಸಮಾಜಕಾರ್ಯ ಓದಿ, ಮನುಷ್ಯರ ಮನಸ್ಸು ಪೂರ್ತಿ ತಿಳಿಯಿತು ಎಂದುಕೊಂಡು ರಾಣೇಬೆನ್ನೂರಿನ ನಮ್ಮ ಮನೆಗೆ ವಾಪಸು ಬಂದಿದ್ದೆ. ನಮ್ಮ ಮೂವರ ಮೇಲೆ ಸಂಸ್ಥೆಯ ಕಾರ್ಯದರ್ಶಿ. ಅವರು ನಿವೃತ್ತ ದನದ ಡಾಕ್ಟರು.

ಇಷ್ಟು ಹೇಳಿದರೆ ಜಿಲ್ಲೆಯ ಹರೆಯದ ಮಕ್ಕಳ ಮಾನಸಿಕ ಆರೋಗ್ಯ ಎಂಥವರ ಕೈಯಲ್ಲಿತ್ತು ಎಂಬುದು ಗೊತ್ತಾಗುತ್ತದೆ.

ಒಂದು: ಸಂದರ್ಶನ

ಮೂವರ ಸಂದರ್ಶನವೂ ಒಂದೇ ದಿನ. ಕಾರ್ಯದರ್ಶಿಗಳ ಕೋಣೆಗೆ ಬಾಗಿಲಿರಲಿಲ್ಲ, ಒಂದು ಹೂವಿನ ಪರದೆ ಇತ್ತು. ಹಾಗಾಗಿ ಒಳಗಿನವರ ಸಂದರ್ಶನ ಹೊರಗಿನ ಬೆಂಚಿನ ಮೇಲೆ ಕೂತವರಿಗೂ ಆಗುತ್ತಿತ್ತು.

ಮೊದಲು ಡ್ರಿಲ್ ಸರ್ ಒಳಗೆ ಹೋದರು.

“ಹರೇದ ಹುಡುಗುರ ಜೋಡಿ ಕೆಲಸ ಮಾಡೀರೇನು?”

“ಮೂವತ್ತ ವರ್ಷ ಓಡಿಸೇನ್ರಿ.”

“ಛಲೋ ಆತು. ಒಂದನೇ ತಾರೀಖಿಂದ ಬರ್ರಿ.”

ಆಮೇಲೆ ಕಾಕಾ.

“ಕುಟುಂಬದ ವಿಷಯದಾಗ ಅನುಭವ ಐತೇನು?”

“ಈ ಮೂರೂ ತಾಲೂಕಿನಾಗ ಅರ್ಧಾ ಕುಟುಂಬ ನಾನ ಕೂಡ್ಸಿದ್ದರಿ.”

“ಕೂಡಿಸಿದ್ದು ಮುರದ್ರ?”

“ಅದಕ್ಕ ಈ ಕೆಲಸಕ್ಕ ಬಂದೇನ್ರಿ. ಹೆಂಗೂ ನನ್ನ ಹುಡುಕ್ಕೊಂಡ ಮನೀಗೆ ಬರ್ತಾರ. ಇಲ್ಲಿ ಬಂದ್ರ ಕುರ್ಚಿ ಆದ್ರೂ ಇರ್ತಾವು.”

ಕಾರ್ಯದರ್ಶಿಗಳಿಗೆ ಈ ಪ್ರಾಮಾಣಿಕತೆ ಬಹಳ ಹಿಡಿಸಿತು. ಕಾಕಾನ ಕೆಲಸವೂ ಆಯಿತು.

ನಾನು ನನ್ನ ಪದವಿ ಪ್ರಮಾಣಪತ್ರ, ಅಂಕಪಟ್ಟಿ, ತರಬೇತಿಯ ಪತ್ರ ಎಲ್ಲವನ್ನೂ ಒಂದು ಕಡತದಲ್ಲಿ ಜೋಡಿಸಿಕೊಂಡು ಒಳಗೆ ಹೋದೆ. ಅವರು ಒಂದೊಂದೇ ಹಾಳೆ ತಿರುವಿ ಹಾಕಿದರು. ನಡುನಡುವೆ ನನ್ನ ಮುಖ ನೋಡಿದರು.

“ಇದರಾಗ ಮಕ್ಕಳ ಬಗ್ಗೆ ಬರದೈತಿ, ಸಂಸಾರದ ಬಗ್ಗೆ ಬರದೈತಿ. ನೀವು ಮಕ್ಕಳನ್ನ ಬೆಳಿಸೀರೇನು?”

“ಇಲ್ಲರಿ ಸರ್.”

“ಸಂಸಾರ ಮಾಡೀರೇನು?”

“ಇಲ್ಲರಿ.”

“ಮತ್ತ ತಾವ ಅನುಭವಿಸಲಾರದ ಇನ್ನೊಬ್ಬರ ಕಷ್ಟ ಹೆಂಗ ತಿಳೀತದವಾ?”

ಅವರ ತಲೆಯ ಮೇಲೆ ಗೋಡೆಗೆ ಒಂದು ಫೋಟೋ ತೂಗುಹಾಕಿತ್ತು. ಅವರು ಒಂದು ಎಮ್ಮೆಯ ಪಕ್ಕದಲ್ಲಿ ನಿಂತು ಯಾರಿಂದಲೋ ಹಾರ ಹಾಕಿಸಿಕೊಳ್ಳುತ್ತಿದ್ದ ಫೋಟೋ. ಮೂವತ್ತು ವರ್ಷ ದನಗಳಿಗೆ ಸಲ್ಲಿಸಿದ ಸೇವೆಗಾಗಿ. ತಾವು ಎಷ್ಟು ವರ್ಷ ಎಮ್ಮೆಯಾಗಿದ್ದಿರಿ ಸರ್ ಎಂದು ಕೇಳಬೇಕು ಅನ್ನಿಸಿತು. ಆದರೆ ನನಗೆ ಕೆಲಸ ಬೇಕಿತ್ತು. ಕೇಳಲಿಲ್ಲ.

ಅದನ್ನು ಅವರು ವಿನಯ ಎಂದು ತಿಳಿದರು. ನನ್ನನ್ನೂ ತೆಗೆದುಕೊಂಡರು, ಉಳಿದಿಬ್ಬರ ಕೈಕೆಳಗೆ ಕಲಿಯಲಿ ಎಂದು.

ಎರಡು: ಸಾವಧಾನ್

ರಾಣೇಬೆನ್ನೂರಿನ ಕೋಣೆಗೆ ಒಂದು ಮುಂಜಾನೆ ತಂದೆ ಮಗ ಬಂದರು. ತಂದೆ ಬಟ್ಟೆ ಅಂಗಡಿಯವರು, ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮಗ ಒಂಬತ್ತನೆಯ ತರಗತಿ. ದೂರು ಏನೆಂದರೆ ಹುಡುಗ ಸಾಲಿಗೆಂದು ಮನೆ ಬಿಡುತ್ತಾನೆ, ಸಾಲಿಗೆ ಹೋಗುವುದಿಲ್ಲ. ಸೈಕಲ್ ತುಳಿದುಕೊಂಡು ಐರಣಿಗೆ ಹೋಗಿ ತುಂಗಭದ್ರೆಯಲ್ಲಿ ಈಜಿ, ಸಾಲಿ ಬಿಡುವ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾನೆ. ತಲೆ ಒದ್ದೆ ಇರುವುದನ್ನು ಕಂಡು ತಾಯಿಗೆ ಅನುಮಾನ ಬಂದಿತ್ತು. ತಂದೆ ಎರಡು ಸಲ ಹೊಡೆದಿದ್ದರು. ಹುಡುಗ ಮಾತು ಬಿಟ್ಟಿದ್ದ. ಈಗ ಹಾಸ್ಟೆಲ್ಲಿಗೆ ಹಾಕುತ್ತೇನೆಂದು ಅವರು ಹಟ ಹಿಡಿದಿದ್ದರು. ಹಾಕಿದರೆ ಓಡಿಹೋಗುತ್ತೇನೆಂದು ಅವನು ಒಂದು ಚೀಟಿ ಬರೆದಿಟ್ಟಿದ್ದ. ಚೀಟಿ ಓದಿದ ತಾಯಿ ಊಟ ಬಿಟ್ಟಿದ್ದಳು.

ಅವತ್ತು ಡ್ರಿಲ್ ಸರ್ ಸ್ವಲ್ಪ ತಡವಾಗಿ ಬರುವವರಿದ್ದರು. ನಾನು ಪುಸ್ತಕದಲ್ಲಿ ಹೇಳಿದಂತೆಯೇ ಶುರು ಮಾಡಿದೆ. ಮಗನ ಎದುರಿಗೆ ಕೂತೆ, ಮೇಜು ಅಡ್ಡ ಇರದಂತೆ ನೋಡಿಕೊಂಡೆ, ದನಿ ಇಳಿಸಿದೆ. ಮುಕ್ಕಾಲು ತಾಸು ಕಳೆಯಿತು. ಹುಡುಗ ಅಷ್ಟೂ ಹೊತ್ತು ಫ್ಯಾನು ನೋಡಿದ. ಅದು ಕರೆಂಟಿಲ್ಲದೆ ನಿಂತಿತ್ತು.

“ನೋಡ್ರಿ ಮೇಡಮ್ಮಾರ,” ಎಂದರು ತಂದೆ, “ಇದು ಹಿಂಗ. ನಮ್ಮ ಕಾಲದಾಗ ಮಾಸ್ತರ ಅಂದ್ರ ಏನ ಭಕ್ತಿ, ಸಾಲಿ ಅಂದ್ರ ಏನ ಶಿಸ್ತು. ನಾ ಒಂದ ದಿನ ಸಾಲಿ ತಪ್ಪಿಸಿದವನಲ್ಲ.”

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಡ್ರಿಲ್ ಸರ್ ಬಾಗಿಲಲ್ಲಿ ನಿಂತರು. ನಿವೃತ್ತರಾಗಿ ನಾಲ್ಕು ವರ್ಷವಾಗಿದ್ದರೂ ಕೊರಳಲ್ಲಿ ಸೀಟಿ ತೂಗಾಡುತ್ತಿತ್ತು. ಕುರ್ಚಿಯಲ್ಲಿ ಸೊಟ್ಟಗೆ ಬಿದ್ದುಕೊಂಡಿದ್ದ ಹುಡುಗನನ್ನು ಕಂಡದ್ದೇ ತಮ್ಮ ಹಳೆಯ ದನಿಯಲ್ಲಿ, “ಸಾವಧಾನ್,” ಎಂದರು.

ಹುಡುಗ ಕದಲಲಿಲ್ಲ. ಕದಲಿದವರು ಅವನ ತಂದೆ. ಕುರ್ಚಿಯಿಂದ ಎದ್ದು, ಹಿಮ್ಮಡಿ ಕೂಡಿಸಿ, ಕೈ ತೊಡೆಗೆ ಹಚ್ಚಿ, ಗೋಡೆ ನೋಡುತ್ತ ನಿಂತುಬಿಟ್ಟರು. ತಾವು ಎದ್ದದ್ದು ಅವರಿಗೇ ಒಂದು ಗಳಿಗೆ ತಡವಾಗಿ ತಿಳಿದಂತಿತ್ತು.

ಡ್ರಿಲ್ ಸರ್ ಅವರ ಸುತ್ತ ಒಂದು ಸುತ್ತು ಬಂದರು. ಹತ್ತಿರ ಹೋಗಿ ಮುಖ ನೋಡಿದರು.

“ನೀ ಹಿಂದಿನ ಗ್ವಾಡಿ ಜಿಗದು ಓಡಿ ಹೋಗ್ತಿದ್ದಿ ಅಲ್ಲೇನಲೇ? ನಾಕ ಮಂದಿ ಕೂಡಿ ಹೋಗ್ತಿದ್ರಿ. ಗ್ವಾಡಿ ಮ್ಯಾಲೆ ಗಾಜಿನ ಚೂರ ಬಡಿಸಿದ್ದ ನಿಮ್ಮ ಸಲುವಾಗಿ.”

“ಸರ್, ಅದು…”

“ಚಡ್ಡಿ ಹರಕೊಂಡಿದ್ದಿ. ನಾನ ಟಿಂಚರ್ ಹಚ್ಚಿದ್ದೆ. ಎಲ್ಲಿ ಹೋಗ್ತಿದ್ರಿ ಅವಾಗ? ಐರಣಿ ಹೊಳೀಗೆ?”

“ಹೌದರಿ ಸರ್,” ಎಂದರು ತಂದೆ, ಇನ್ನೂ ಸಾವಧಾನ್‌ನಲ್ಲೇ.

ಮುಕ್ಕಾಲು ತಾಸಿನಿಂದ ಫ್ಯಾನು ನೋಡುತ್ತಿದ್ದ ಹುಡುಗ ತಂದೆಯ ಕಡೆ ತಿರುಗಿದ. ಅವನ ಮುಖದಲ್ಲಿ ಮೊದಲು ಆಶ್ಚರ್ಯ ಕಂಡಿತು, ಆಮೇಲೆ ಅವನು ಕೈಯಿಂದ ಬಾಯಿ ಮುಚ್ಚಿಕೊಂಡ. ನಗೆಗೆ ಭುಜಗಳು ಕುಲುಕುತ್ತಿದ್ದವು. ಕಡೆಗೆ ತಡೆಯಲಾರದೆ ಕೇಳಿದ, “ಅಪ್ಪಾ, ನಿನಗ ಈಜಾಕ ಬರ್ತತೇನು?”

“ಬರ್ತತಿ,” ಎಂದರು ತಂದೆ, ಗೋಡೆಗೆ.

“ವಿಶ್ರಾಮ್,” ಎಂದರು ಡ್ರಿಲ್ ಸರ್. ಆಗ ತಂದೆ ಕೂತರು.

ಹಾಸ್ಟೆಲ್ಲಿನ ಮಾತು ಅಲ್ಲಿಗೆ ಬಿದ್ದುಹೋಯಿತು. ವಾರವೆಲ್ಲ ಸಾಲಿಗೆ ಹೋಗಬೇಕು, ರವಿವಾರ ತಂದೆಯೇ ಕರೆದುಕೊಂಡು ಹೊಳೆಗೆ ಹೋಗಬೇಕು ಎಂದು ಒಪ್ಪಂದವಾಯಿತು. ಆ ಹುಡುಗ ವರ್ಷ ತುಂಬುವವರೆಗೂ ಸಾಲಿ ತಪ್ಪಿಸಲಿಲ್ಲ.

ನಾನು ಕೇಸಿನ ಪುಸ್ತಕದಲ್ಲಿ ‘ಮೂರು ತಲೆಮಾರಿನ ಸಂಬಂಧಗಳನ್ನು ಆಧರಿಸಿದ ಕೌಟುಂಬಿಕ ಚಿಕಿತ್ಸೆ ನೀಡಲಾಯಿತು’ ಎಂದು ಬರೆದೆ. ಡ್ರಿಲ್ ಸರ್ ಅದನ್ನು ಓದಿ, “ಅಷ್ಟ ಉದ್ದ ಯಾಕ? ‘ಕಳ್ಳ ಸಿಕ್ಕ’ ಅಂತ ಬರೀರಿ,” ಎಂದರು.

ಮೂರು: ಘಾಟು

ಬ್ಯಾಡಗಿಯಲ್ಲಿ ನಮಗೆ ಸಿಕ್ಕ ಕೋಣೆ ಮೆಣಸಿನಕಾಯಿ ದಲಾಲಿ ಅಂಗಡಿಯ ಮೇಲಿನದು. ಬ್ಯಾಡಗಿ ಮೆಣಸಿನಕಾಯಿ ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತು. ಕೆಳಗೆ ಚೀಲ ಸುರಿದಾಗ ಏಳುವ ಧೂಳಿಗೆ ಮಾತ್ರ ಆ ವಿಷಯ ಯಾರೂ ತಿಳಿಸಿರಲಿಲ್ಲ. ಸುಗ್ಗಿಯ ದಿನಗಳಲ್ಲಿ ಅದು ಮೆಟ್ಟಿಲು ಹತ್ತಿ ನೇರ ನಮ್ಮಲ್ಲಿಗೇ ಬರುತ್ತಿತ್ತು, ಹೆಸರು ಬರೆಸದೆ.

ಅಂಥ ಒಂದು ದಿನ ಗಂಡ, ಹೆಂಡತಿ, ಹದಿನೈದು ವರ್ಷದ ಮಗ ಬಂದು ಕೂತರು. ಬಸ್ ನಿಲ್ದಾಣದಲ್ಲಿ ಗೆಳೆಯರ ಎದುರಿಗೆ ತಂದೆ ಮಗನ ಕೆನ್ನೆಗೆ ಬಾರಿಸಿದ್ದರು. ಮಗ ಯಾವುದೋ ಹುಡುಗಿಗೆ ಪತ್ರ ಕೊಟ್ಟನೆಂದು ಯಾರೋ ಹೇಳಿದ್ದೇ ಕಾರಣ. ಕೊಟ್ಟದ್ದು ವಿಜ್ಞಾನದ ನೋಟ್ಸು ಎಂದು ಆಮೇಲೆ ಗೊತ್ತಾಯಿತು. ಆದರೆ ತಂದೆ ತಪ್ಪಾಯಿತೆನ್ನಲಿಲ್ಲ, ಮಗ ಮಾತಾಡಲಿಲ್ಲ. ಹೀಗೇ ನಾಲ್ಕು ತಿಂಗಳು. ಒಂದೇ ಮನೆಯಲ್ಲಿ ಇಬ್ಬರೂ ತಾಯಿಯ ಮೂಲಕ ಮಾತು ಕಳಿಸುತ್ತಿದ್ದರು. “ನನಗ ಸಾಕಾಗೇತ್ರಿ,” ಎಂದಳು ತಾಯಿ. “ಇತ್ಲಾಗಿನ ಬೈಗಳ ಅತ್ಲಾಗ ಒಯ್ಯೂದು, ಅತ್ಲಾಗಿನ ಸಿಟ್ಟು ಇತ್ಲಾಗ ತರೂದು. ಇಬ್ರೂ ಊಟಕ್ಕ ಕುಂತ್ರ ನನಗ ರೊಟ್ಟಿ ಬಡಿಯಾಕ ಪುರಸತ್ತಿಲ್ಲ.”

ತಂದೆ ಕಿಟಕಿ ನೋಡುತ್ತಿದ್ದರು. ಮಗ ತನ್ನ ಚಪ್ಪಲಿ ನೋಡುತ್ತಿದ್ದ. ನಾನು ಕಲಿತ ವಿದ್ಯೆಯೆಲ್ಲ ಖರ್ಚು ಮಾಡಿದೆ. ಪ್ರಯೋಜನವಾಗಲಿಲ್ಲ.

ಅದೇ ದಿನ ನಮಗೆ ಅನುದಾನ ಕೊಡುವವರ ಕಡೆಯಿಂದ ಬೆಂಗಳೂರಿನ ಒಬ್ಬ ತಜ್ಞೆ ನಮ್ಮ ಕೆಲಸದ ಗುಣಮಟ್ಟ ಅಳೆಯಲು ಬರುವವರಿದ್ದರು. ಕಾರ್ಯದರ್ಶಿಗಳು ಅವರನ್ನು ಕರೆದುಕೊಂಡು ಮೆಟ್ಟಿಲು ಹತ್ತುತ್ತಿದ್ದ ಹೊತ್ತಿಗೇ ಕೆಳಗೆ ಅಂಗಡಿಯಲ್ಲಿ ಚೀಲ ಸುರಿಯಲು ಶುರು ಮಾಡಿದರು.

ಮೊದಲು ತಾಯಿಗೆ ಕೆಮ್ಮು ಬಂತು. ಆಮೇಲೆ ತಂದೆಯ ಕಣ್ಣಲ್ಲಿ ನೀರು ಇಳಿಯತೊಡಗಿತು. ಅವರು ಅಂಗೈಯಿಂದ ಕಣ್ಣು ಉಜ್ಜಿಕೊಂಡರು, ಅದು ಇನ್ನೂ ಹೆಚ್ಚಾಯಿತು. ಮಗನ ಮೂಗು ಕೆಂಪಾಗಿ ಗಲ್ಲದ ಮೇಲೆ ಎರಡು ಧಾರೆ ಹರಿದವು. ನನಗಂತೂ ಎದುರಿಗಿರುವವರೇ ಕಾಣದಾದರು.

ತಜ್ಞೆ ಬಾಗಿಲಿಗೆ ಬಂದಾಗ ಕಂಡದ್ದು ಇದು: ನಾಲ್ಕು ಜನ ದುಂಡಗೆ ಕೂತಿದ್ದಾರೆ, ನಾಲ್ವರೂ ಅಳುತ್ತಿದ್ದಾರೆ.

ಅದೇ ಗಳಿಗೆಯಲ್ಲಿ ತಂದೆ ಹೆಗಲ ಮೇಲಿನ ಟವೆಲ್ಲು ತೆಗೆದು ಮಗನ ಕಡೆ ಚಾಚಿ, “ಉಜ್ಜಬ್ಯಾಡಪಾ, ಉರೀತತಿ. ಹಗೂರಕ ಒರಸಿಕೊ,” ಎಂದರು.

ಮಗ ಟವೆಲ್ಲು ತೆಗೆದುಕೊಂಡ. ಒಂದು ತುದಿಯಿಂದ ತನ್ನ ಕಣ್ಣು ಒರೆಸಿಕೊಂಡು, ಇನ್ನೊಂದು ತುದಿಯನ್ನು ತಂದೆಯ ಕೈಗೆ ಕೊಟ್ಟು, “ನೀನೂ ಉಜ್ಜಬ್ಯಾಡ,” ಎಂದ.

ನಾಲ್ಕು ತಿಂಗಳಲ್ಲಿ ಅದು ಮೊದಲ ಮಾತು. ತಾಯಿ ಖರೇ ಖರೇ ಅತ್ತಳು. ಅವಳ ಕಣ್ಣೀರಿನಲ್ಲಿ ಯಾವುದು ಮೆಣಸಿನಕಾಯಿಯದು, ಯಾವುದು ಅವಳದು ಎಂದು ಹೇಳುವುದು ಕಷ್ಟವಿತ್ತು. ತಂದೆ ಟವೆಲ್ಲಿನ ಒಳಗಿನಿಂದಲೇ, “ಅವತ್ತ ಬಸ್‌ಸ್ಟ್ಯಾಂಡಿನಾಗ ನಾ ಹಂಗ ಮಾಡಬಾರದಿತ್ತು,” ಎಂದರು.

ತಜ್ಞೆಯ ಕಣ್ಣೂ ತುಂಬಿ ಬಂದಿತ್ತು. ತಮಗೇಕೆ ಹೀಗಾಗುತ್ತಿದೆ ಎಂದು ಅವರಿಗೆ ಅನುಮಾನ ಬರಲಿಲ್ಲ. ತಮ್ಮದು ಮೃದು ಸ್ವಭಾವ ಎಂದು ಅವರಿಗೆ ಮೊದಲೇ ಗೊತ್ತಿತ್ತು. “ಇಷ್ಟು ಆಳವಾದ ಸೆಷನ್ ನಾನು ಎಲ್ಲೂ ನೋಡಿಲ್ಲ,” ಎಂದು ನನ್ನ ಕೈ ಹಿಡಿದುಕೊಂಡರು. ನಾನು ಕೆಮ್ಮುತ್ತಿದ್ದೆ, ಉತ್ತರ ಕೊಡಲಾಗಲಿಲ್ಲ. ಅದೂ ವಿನಯದ ಲೆಕ್ಕಕ್ಕೇ ಹೋಯಿತು.

ತಿಂಗಳಾದ ಮೇಲೆ ಅವರ ವರದಿ ಬಂತು. ಬ್ಯಾಡಗಿ ಕೇಂದ್ರದಲ್ಲಿ ಭಾವನೆಗಳು ಮುಕ್ತವಾಗಿ ಹರಿಯುವ ವಿಶೇಷ ವಾತಾವರಣವಿದೆ, ಅಂಥದೇ ವಾತಾವರಣವನ್ನು ಹಾವೇರಿ ಮತ್ತು ರಾಣೇಬೆನ್ನೂರಿನಲ್ಲೂ ನಿರ್ಮಿಸಬೇಕು ಎಂದು ಬರೆದಿದ್ದರು.

ಕಾರ್ಯದರ್ಶಿಗಳು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, ನನ್ನನ್ನು ಕೇಳಿದರು: “ಎರಡೆರಡ ಚೀಲ ಸಾಕಾಗ್ತಾವೇನ್ರಿ?”

ನಾಲ್ಕು: ಇನ್ನೊಂದು ಪಾಕೀಟು

ಕಾಕಾನ ಪೂರ್ವಾಶ್ರಮದ ಬಗ್ಗೆ ನನಗೆ ದೊಡ್ಡ ಅಸಮಾಧಾನವಿತ್ತು. ಮನೆಗಳಿಗೆ ಹೋಗಿ ಹುಡುಗಿಯ ಎತ್ತರ ಕೇಳುತ್ತಿದ್ದ ಮನುಷ್ಯ ಹರೆಯದ ಹುಡುಗಿಯರ ಸಮಾಲೋಚನೆ ಮಾಡುವುದೆಂದರೇನು ಎಂದು ನಾನು ಕಾರ್ಯದರ್ಶಿಗಳಿಗೆ ಒಂದು ಪತ್ರವನ್ನೂ ಬರೆದಿದ್ದೆ. ಅವರು ಆ ಪತ್ರವನ್ನು ಅಭಿಪ್ರಾಯಕ್ಕಾಗಿ ಕಾಕಾಗೇ ಕಳಿಸಿದ್ದರು. ‘ಅಕ್ಷರ ದುಂಡಗ ಅದಾವು’ ಎಂದು ಕಾಕಾ ಅಭಿಪ್ರಾಯ ಬರೆದಿದ್ದರು.

ಹಲಗೇರಿಯಿಂದ ಒಬ್ಬ ಹುಡುಗಿ ತನ್ನ ಸಾಲಿಯಲ್ಲಿ ಕಲಿಸುವ ಅಕ್ಕಾವರ ಜೊತೆ ರಾಣೇಬೆನ್ನೂರಿನ ಕೋಣೆಗೆ ಬಂದಳು. ಹದಿನಾರು ವರ್ಷ, ಹತ್ತನೆಯ ತರಗತಿಯಲ್ಲಿ ಸಾಲಿಗೇ ಮೊದಲಿಗಳು. ನರ್ಸ್ ಆಗಬೇಕೆಂದು ಅವಳ ಆಸೆ. ಮನೆಯಲ್ಲಿ ಅಜ್ಜಿ ಮದುವೆ ಮಾಡಿ ಎಂದು ಕೂತಿದ್ದಳು; ತಂದೆ ಅಜ್ಜಿಯ ಮಾತು ಮೀರುವವರಲ್ಲ.

“ಮೇಡಮ್ಮಾರ, ನಾ ಹೇಳಿದ್ರ ಎದುರ ಮಾತಾಡ್ತಾಳ ಅಂತಾರ್ರಿ,” ಎಂದಳು ಹುಡುಗಿ. “ಸುಮ್ಮನಿದ್ರ ಒಪ್ಪಿಗಿ ಐತಿ ಅಂತಾರ. ಏನ ಮಾಡ್ಲಿ?” ದನಿಯಲ್ಲಿ ಅಳು ಇರಲಿಲ್ಲ. ಲೆಕ್ಕ ಕೇಳುವಂತೆ ಕೇಳಿದಳು. ಅದು ನನಗೆ ಅಳುವಿಗಿಂತ ಹೆಚ್ಚು ತಟ್ಟಿತು.

ಮರುವಾರ ತಂದೆಯನ್ನು ಕರೆಸಿದೆ, ಹುಡುಗಿಯೂ ಜೊತೆಗೆ ಬಂದಳು. ಒಳ್ಳೆಯ ಮನುಷ್ಯ, ತಲೆಗೆ ಪಟಗ ಸುತ್ತಿದ್ದರು, ಕೈ ಮುಗಿದು ಕೂತರು. ನಾನು ಒಂದು ತಾಸು ಮಾತಾಡಿದೆ. ಕಾಯ್ದೆ ಹೇಳಿದೆ, ಆರೋಗ್ಯ ಹೇಳಿದೆ, ಕಾಲೇಜು ಓದಿನ ಮಹತ್ವ ಹೇಳಿದೆ. ಅವರು ಪ್ರತಿ ಮಾತಿಗೂ, “ಖರೇ ಐತ್ರಿ,” ಎಂದರು. ಎಲ್ಲ ಮುಗಿದ ಮೇಲೆ, “ನೀವು ಹೇಳೂದೆಲ್ಲಾ ಖರೇ ಐತ್ರಿ. ಆದ್ರ ಛಲೋ ವರಾ ಬಂದ್ರ ಬಿಡಬಾರದು ಅಂತಾಳರಿ ನಮ್ಮವ್ವ,” ಎಂದರು.

ಪಕ್ಕದ ಮೇಜಿನಲ್ಲಿ ಕೂತಿದ್ದ ಕಾಕಾ ಆಗ ಪೇಪರು ಮಡಚಿಟ್ಟರು. “ಯಜಮಾನ್ರ, ವರಾ ಬೇಕೇನ್ರಿ? ಇತ್ಲಾಗ ಬರ್ರಿ,” ಎಂದರು.

ನಾನು ಕಣ್ಣು ಬಿಟ್ಟು ನೋಡಿದೆ, ಕೆಮ್ಮಿದೆ, ಮೇಜು ಬಡಿದೆ. ಕಾಕಾ ನೋಡಲಿಲ್ಲ. ಕೈಚೀಲದಿಂದ ಒಂದು ಖಾಕಿ ಪಾಕೀಟು ತೆಗೆದು ಫೋಟೋಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟರು. ಹುಡುಗಿ ಬೆಂಚಿನ ಮೇಲೆ ಬಿಳಿಚಿಕೊಂಡು ಕೂತಳು.

“ಇಂವ ನೋಡ್ರಿ. ದೊಡ್ಡ ಮನೆತನ. ವಯಸ್ಸ ಮೂವತ್ತೆಂಟು.”

“ಮೂವತ್ತೆಂಟೇನ್ರಿ?”

“ಬರದಿದ್ದು ಮೂವತ್ತೆಂಟು. ನನ್ನ ಕಡೆ ಈ ಫೋಟೋ ಬಂದ ಏಳೆಂಟ ವರ್ಷ ಆತು, ಅವಾಗೂ ಮೂವತ್ತೆಂಟ ಇತ್ತು. ಅದು ಬ್ಯಾಡೇನು? ಇದನ್ನ ನೋಡ್ರಿ. ಮಾತ ಕಡಿಮಿ, ಭಾಳ ಸಂಭಾವಿತ. ಇದು ಎರಡನೇ ಸಂಬಂಧ. ಮೊದಲನೇದಾಕಿ ಯಾಕ ಬಿಟ್ಟ ಹೋದ್ಲು ಅಂತ ಹೇಳವಲ್ಲ. ಮಾತ ಕಡಿಮಿ ನೋಡ್ರಿ, ಅದಕ್ಕ.”

ತಂದೆ ಪಟಗ ಸರಿಮಾಡಿಕೊಂಡರು. “ಈ ಮೂರನೇದು ಯಾರರಿ, ಇಷ್ಟು ವಯಸ್ಸಾದವರು?”

“ಅವರು ಹುಡುಗನ ಸ್ವಾದರ ಮಾವ. ಹುಡುಗ ಫೋಟೋ ತಗಸಾಕ ಒಲ್ಲೆ ಅಂತಾನ. ಯಾಕ ಅಂತ ನಾ ಕೇಳೇನಿ, ಅವರೂ ಹೇಳವಲ್ರು.”

ತಂದೆ ಮೂರು ಫೋಟೋಗಳನ್ನೂ ಮಗಳನ್ನೂ ಒಂದು ಸಲ ನೋಡಿದರು.

“ಇಷ್ಟ ಅದಾವೇನ್ರಿ?”

“ಹದಿನೆಂಟ ತುಂಬೂದರೊಳಗ ಕೊಡ್ತೇವಿ ಅನ್ನಾವ್ರಿಗೆ ಇಂಥಾವ ಬರ್ತಾವ್ರಿ, ಯಜಮಾನ್ರ. ನೆಟ್ಟಗಿದ್ದ ಮನೆತನದವರು ಕಾಯ್ದೆ ಅಂದ್ರ ಅಂಜ್ತಾರ. ಅಂಜಲಾರದಾವ್ರು ಯಾರು ಅಂದ್ರ, ಇವರು.”

ತಂದೆ ಎದ್ದು ನಿಂತರು. ನನ್ನ ಕಡೆ ತಿರುಗಿ, “ಮೇಡಮ್ಮಾರ, ಆ ಕಾಲೇಜಿನ ಅರ್ಜಿ ಎಲ್ಲಿ ಸಿಗತಾವ್ರಿ?” ಎಂದರು. ಹುಡುಗಿ ರಾಣೇಬೆನ್ನೂರಿನಲ್ಲೇ ಪಿಯುಸಿ ಸೇರಿದಳು, ಆಮೇಲೆ ನರ್ಸಿಂಗ್ ಮಾಡಿದಳು. ಅಜ್ಜಿಗೆ ಬಿ.ಪಿ. ನೋಡುವವಳು ಈಗ ಅವಳೇ.

ಅವರು ಹೋದ ಮೇಲೆ ನಾನು ಸೋತು ಕೇಳಿದೆ: “ಕಾಕಾ, ಖರೇನ ನಿಮ್ಮ ಕಡೆ ಅಷ್ಟ ಇದ್ದುವೇನ್ರಿ?”

“ಏ, ಛಲೋವು ಈ ಪಾಕೀಟಿನಾಗ ಅದಾವು,” ಎಂದು ಕೈಚೀಲದಿಂದ ಇನ್ನೊಂದನ್ನು ತೆಗೆದು ತೋರಿಸಿದರು. ಅದು ದಪ್ಪಗಿತ್ತು. “ಇವು ಓದ ಮುಗಿಸಿ, ನೌಕರಿ ಹಿಡದ ಹುಡುಗ್ಯಾರಿಗೆ ತೋರ್ಸೂವು. ನೀವ ಯಾವಾಗ ನೋಡ್ತೀರಿ?”

ಐದು: ಅರ್ಹತೆಯ ಕಾಲಂ

ಇದು ಸಣ್ಣದು. ಬೆಂಗಳೂರಿನಿಂದ ಒಂದು ಫಾರ್ಮು ಬಂತು: ಸಮಾಲೋಚಕರ ವೃತ್ತಿಪರ ಹಿನ್ನೆಲೆ ಮತ್ತು ಅನುಭವ ತಿಳಿಸಿರಿ. ಕಾರ್ಯದರ್ಶಿಗಳು ಬಾಗಿಲಿಲ್ಲದ ಕೋಣೆಯಲ್ಲಿ ಕೂತು ತಾವೇ ತುಂಬಿದರು. ಕಳಿಸುವ ಮುಂಚೆ ಟೈಪು ಮಾಡಿಸಲು ನನ್ನ ಕೈಗೆ ಕೊಟ್ಟರು.

ಡ್ರಿಲ್ ಸರ್ ಹೆಸರಿನ ಮುಂದೆ: ‘ದೇಹ ಮತ್ತು ಮನಸ್ಸಿನ ಸಮನ್ವಯ ತಜ್ಞರು, ಮೂವತ್ತು ವರ್ಷ.’

ಕಾಕಾನ ಮುಂದೆ: ‘ವಿವಾಹಪೂರ್ವ ಸಮಾಲೋಚನೆ, ಕ್ಷೇತ್ರಕಾರ್ಯ ಸಹಿತ, ಮೂವತ್ತೈದು ವರ್ಷ.’

ನನ್ನ ಮುಂದೆ: ‘ಓದು ಮಾತ್ರ.’

ನಾನು ಸಿಟ್ಟಿನಿಂದ ಅದನ್ನು ಹಿಡಿದುಕೊಂಡು ಒಳಗೆ ಹೋಗುತ್ತಿದ್ದವಳು, ಕೊನೆಯ ಸಾಲು ಕಂಡು ಪರದೆಯ ಹತ್ತಿರವೇ ನಿಂತೆ. ಮೂವತ್ತು ವರ್ಷ ಎಮ್ಮೆ, ಆಕಳು, ಎತ್ತುಗಳಿಗೆ ಚುಚ್ಚುಮದ್ದು ಕೊಟ್ಟಿದ್ದ ಕಾರ್ಯದರ್ಶಿಗಳು ತಮ್ಮ ಹೆಸರಿನ ಮುಂದೆ ಬರೆದುಕೊಂಡಿದ್ದರು: ‘ತಮ್ಮ ನೋವನ್ನು ಬಾಯಿಬಿಟ್ಟು ಹೇಳಲಾರದವರೊಂದಿಗೆ ಸಂವಹನದಲ್ಲಿ ದೀರ್ಘ ಅನುಭವ.’

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಟೈಪು ಮಾಡಿಸಿದೆ.

ಆರು: ಹದಿನೈದು ದಿನ

ಪ್ರತಿ ಸೋಮವಾರ ಹಾವೇರಿಯಲ್ಲಿ ನಾವೆಲ್ಲ ಸೇರಿ ಕಷ್ಟದ ಕೇಸುಗಳನ್ನು ಚರ್ಚಿಸುತ್ತಿದ್ದೆವು. ಹೆಸರು, ಊರು ಹೇಳುವ ಹಾಗಿಲ್ಲ. ಸಮಸ್ಯೆ ಮಾತ್ರ ಹೇಳಬೇಕು. ಅದು ನಾನೇ ಹಟ ಮಾಡಿ ತಂದ ನಿಯಮ.

ಒಂದು ಸೋಮವಾರ ಕಾಕಾ ತಮ್ಮ ನೋಟ್‌ಬುಕ್ ತೆರೆದು, “ಒಬ್ಬಾಕಿ ತಾಯಿ ಬಂದಿದ್ಲು. ನನಗ ಇದು ಬಗೀಹರೀವಲ್ದು,” ಎಂದರು.

“ಹೇಳ್ರಿ,” ಎಂದರು ಕಾರ್ಯದರ್ಶಿಗಳು.

“ಮಗಳು ಕಲ್ತಾಕಿ, ನೌಕರಿ ಮಾಡ್ತಾಳ. ಮೊದಲ ಛಲೋ ಇದ್ಲಂತ. ಈಗ ವರ್ಷ ಒಪ್ಪತ್ತಿನಿಂದ ಏನ ಹೇಳಿದ್ರೂ ಉತ್ತರ ಕೊಡಂಗಿಲ್ಲ, ತಿರುಗಿ ಪ್ರಶ್ನೆ ಕೇಳ್ತಾಳ. ತಾಯಿ ಮೊಳಕಾಲ ನೋಯ್ತತಿ ಅಂದ್ರ, ‘ಆ ನೋವಿನ ಜೋಡಿ ನೀ ಹೆಂಗ ಇದ್ದೀ?’ ಅಂತಾಳಂತ. ಎಣ್ಣಿ ತಿಕ್ಕಂಗಿಲ್ಲ. ತಂದಿ ಸಾರಿಗೆ ಉಪ್ಪಿಲ್ಲ ಅಂದ್ರ, ‘ನಿನಗ ಬ್ಯಾಸರ ಆಗೇತಿ ಅನ್ನೂದು ನನಗ ತಿಳೀತು, ಇನ್ನೇನ ಅನಸ್ತತಿ?’ ಅಂತಾಳ. ಉಪ್ಪ ಕೊಡಂಗಿಲ್ಲ. ತಾಯಿ ಮನ್ನೆ ಅಡಗೀ ಮನ್ಯಾಗ ಕುಂತ ಅತ್ಲಂತ. ನನ್ನ ಮಗಳ ಜೋಡಿ ಮಾತಾಡಿದ್ರ ದವಾಖಾನಿಗೆ ಬಂದಂಗ ಆಗತತ್ರಿ ಅಂದ್ಲು.”

“ಗ್ರೌಂಡಿಗೆ ಕಳಸ್ರಿ,” ಎಂದರು ಡ್ರಿಲ್ ಸರ್. “ಹತ್ತ ಸುತ್ತ ಓಡಿದ್ರ ಪ್ರಶ್ನೆ ಕೇಳಾಕ ಉಸುರ ಇರೂದಿಲ್ಲ.”

ನಾನು ನಕ್ಕೆ. ವರ್ಷವೆಲ್ಲ ಕಾಯ್ದಿದ್ದ ಗಳಿಗೆ ಬಂದಿತ್ತು. ಇದು ಓದಿದವರು ಮಾತ್ರ ಬಿಡಿಸಬಹುದಾದ ಕೇಸು. ನಾನು ಎದ್ದು ನಿಂತೇ ಮಾತಾಡಿದೆ. ಇಂಥ ಹುಡುಗಿಯರಿಗೆ ತಾವೇ ಮನೆಯಲ್ಲಿ ಶಾಣ್ಯಾರು ಎಂಬ ಭಾವನೆ ಒಳಗೇ ಬೆಳೆದಿರುತ್ತದೆ ಎಂದೆ. ಹೆತ್ತವರನ್ನು ಹೆತ್ತವರಂತೆ ನೋಡದೆ ಒಂದು ವಸ್ತುವಿನಂತೆ ಪರೀಕ್ಷಿಸುತ್ತಾರೆ ಎಂದೆ. ಪ್ರೀತಿ ಇರುತ್ತದೆ, ಆದರೆ ಅದನ್ನು ಕೈಯಿಂದ ಮಾಡಿ ತೋರಿಸಲು ಸೋಮಾರಿತನ ಎಂದೂ ಸೇರಿಸಿದೆ. ಕಾಕಾ ಬರೆದುಕೊಳ್ಳುತ್ತಿದ್ದರು.

“ಅದಕ್ಕ ಉಪಾಯ?” ಎಂದರು ಕಾರ್ಯದರ್ಶಿಗಳು.

“ಸರಳ ಐತ್ರಿ. ಹದಿನೈದ ದಿನ ಆಕಿ ಪ್ರಶ್ನೆ ಕೇಳಿದ್ರ ಮನ್ಯಾಗ ಯಾರೂ ಉತ್ತರ ಕೊಡಬಾರದು. ಆಕಿ ತನ್ನ ಮನಸಿನ್ಯಾಗ ಇದ್ದದ್ದನ್ನ ನೆಟ್ಟಗ ಹೇಳಿದಾಗ ಅಷ್ಟ ಪ್ರೀತಿಯಿಂದ ಮಾತಾಡಬೇಕು. ಮಧ್ಯದಾಗ ಕರುಣಾ ತೋರಿಸಿದ್ರ ಎಲ್ಲಾ ಕೆಡತತಿ. ಆಕಿ ಅತ್ತರೂ ಬಿಡಬಾರದು.”

ಕಾರ್ಯದರ್ಶಿಗಳು ಮೊದಲ ಸಲ ನನ್ನನ್ನು ಮೆಚ್ಚಿ ನೋಡಿದರು. “ಓದಿದ್ದು ಉಪಯೋಗಕ್ಕ ಬಂತ ನೋಡ್ರಿ,” ಎಂದರು. ಆ ಮಾತಿನ ಖುಷಿಯಲ್ಲಿ ಎರಡು ದಿನ ತೇಲಾಡಿದೆ.

ಗುರುವಾರ ಮುಂಜಾನೆ ಎದ್ದು ಅಡುಗೆಮನೆಗೆ ಹೋಗಿ, “ಅವ್ವಾ, ಚಾ ಆತೇನು?” ಎಂದೆ. ಅವ್ವ ಒಲೆ ನೋಡುತ್ತಿದ್ದಳು. ಕೇಳಿಸಲಿಲ್ಲವೇನೋ ಎಂದು ಮತ್ತೊಂದು ಸಲ ಕೇಳಿದೆ. ಅವ್ವ ಸಕ್ಕರೆ ಡಬ್ಬಿಯ ಮುಚ್ಚಳ ಹಾಕಿ ಹೊರಗೆ ಹೋದಳು. ಹೊರಗೆ ಅಪ್ಪ ಪೇಪರು ಓದುತ್ತಿದ್ದರು. “ಅವ್ವಗ ಏನಾಗೇತಿ, ಅಪ್ಪಾ?” ಎಂದೆ. ಅಪ್ಪ ಪೇಪರಿನ ಹಾಳೆ ತಿರುವಿದರು.

ಸಂಜೆಯೂ ಹಾಗೇ. “ಏನ ಅಡಿಗಿ?” ಮಾತಿಲ್ಲ. “ನನ್ನ ನೀಲಿ ಸೀರಿ ಎಲ್ಲೈತಿ?” ಮಾತಿಲ್ಲ. ಇಬ್ಬರೂ ತಮ್ಮತಮ್ಮಲ್ಲಿ ನಗುತ್ತ ಮಾತಾಡುತ್ತಿದ್ದರು. ಪಕ್ಕದ ಮನೆಯ ಅತ್ತಿ ಬಂದರೆ ಅವರ ಜೊತೆಗೂ. ನಾನು ಬಾಯಿ ತೆರೆದರೆ ಮಾತ್ರ ಮನೆಗೆ ಬೀಗ ಬೀಳುತ್ತಿತ್ತು.

ಶನಿವಾರದ ಹೊತ್ತಿಗೆ ನನಗೆ ಹೆದರಿಕೆ ಶುರುವಾಯಿತು. ನಾನು ಮಾಡಿದ ತಪ್ಪು ಯಾವುದೆಂದು ಬಸ್ಸಿನಲ್ಲಿ ಕೂತು ಹುಡುಕಿದೆ. ಚಿಕ್ಕವಳಿದ್ದಾಗ ಕದ್ದ ಬೆಲ್ಲದವರೆಗೂ ಹಿಂದೆ ಹೋದೆ. ಮೂರು ಊರಿನ ಮನೆಗಳನ್ನು ಸರಿಮಾಡುವ ನನಗೆ ನನ್ನ ಮನೆಯಲ್ಲಿ ಏನಾಗಿದೆ ಎಂದೇ ತಿಳಿಯಲಿಲ್ಲ. ರವಿವಾರ ರಾತ್ರಿ ಊಟ ಬಿಟ್ಟು ಮಲಗಿದೆ. ಅವ್ವ ಬಾಗಿಲತನಕ ಬಂದಳು, ಸೆರಗು ಬಾಯಿಗೆ ಹಚ್ಚಿಕೊಂಡಿದ್ದಳು. ಅಪ್ಪ ಒಳಗಿನಿಂದ, “ಕರುಣಾ ತೋರಿಸಬ್ಯಾಡ,” ಎಂದರು. ಅವ್ವ ವಾಪಸು ಹೋದಳು. ನನಗೆ ಆಗಲೂ ಹೊಳೆಯಲಿಲ್ಲ. ಎರಡು ವರ್ಷ ಓದಿದ್ದೆ.

ಸೋಮವಾರ ನಸುಕಿನಲ್ಲಿ ತಡೆಯಲಾಗದೆ ಅವ್ವನ ಮುಂದೆ ಹೋಗಿ ನೆಲದ ಮೇಲೆ ಕೂತೆ. “ಅವ್ವಾ, ನೀವು ಮಾತಾಡಲಾರದ ನನಗ ಭಾಳ ಸಂಕಟ ಆಗೇತಿ. ಊಟ ಸೇರವಲ್ದು, ಕೆಲಸದಾಗ ಲಕ್ಷ್ಯ ಇಲ್ಲ,” ಎಂದೆ. ಅವ್ವನ ಕಾಲು ಕಣ್ಣಿಗೆ ಬಿತ್ತು. ಮೊಳಕಾಲು ಬಾತಿತ್ತು. ಒಲೆಯ ಪಕ್ಕ ಎಣ್ಣೆಯ ಬಟ್ಟಲಿತ್ತು. ಏನೂ ತೋಚದೆ ಅದನ್ನು ತೆಗೆದುಕೊಂಡು ತಿಕ್ಕತೊಡಗಿದೆ.

ಅವ್ವ ತಕ್ಷಣ ನನ್ನ ತಲೆ ತಡವಿದಳು. “ಬಾ ನನ್ನವ್ವಾ. ರೊಟ್ಟಿ ಬಿಸಿ ಅದಾವು. ಬೆಣ್ಣಿ ಹಾಕಿ ಕೊಡ್ತೇನಿ. ನಾಕ ದಿನಕ್ಕ ಹೆಂಗ ಸೊರಗೀದಿ ನೋಡು,” ಎಂದಳು. ಅಪ್ಪನೂ ಬಂದು ಪಕ್ಕದಲ್ಲಿ ಕೂತರು. ಮನೆ ಮತ್ತೆ ಮನೆಯಾಯಿತು. ನಾನು ಕಣ್ಣೊರೆಸಿಕೊಂಡು, “ಮತ್ತ ಇಷ್ಟ ದಿನ ಯಾಕ ಮಾತಾಡ್ಲಿಲ್ಲ?” ಎಂದೆ.

ಅವ್ವ ಬಾಯಿ ಮುಚ್ಚಿದಳು. ಅಪ್ಪ ಪೇಪರು ತೆಗೆದುಕೊಂಡರು.

ನನ್ನ ಕೈ ಎಣ್ಣೆಯ ಬಟ್ಟಲಿನಲ್ಲೇ ನಿಂತಿತು. ಆಗ, ಆಗ ಮಾತ್ರ, ಏನೋ ಒಂದು ಸಣ್ಣಗೆ ಹೊಳೆಯಿತು. ಬಹಳ ಎಚ್ಚರಿಕೆಯಿಂದ, ಪ್ರಶ್ನೆಯಾಗದಂತೆ ನೋಡಿಕೊಂಡು ಹೇಳಿದೆ: “ನೀವು ಮಾತ ಬಿಟ್ಟ ಕಾರಣ ನನಗ ತಿಳೀಬೇಕಾಗೇತಿ.”

“ಹಂಗ ನೆಟ್ಟಗ ಹೇಳು ಮತ್ತ,” ಎಂದಳು ಅವ್ವ ಸಮಾಧಾನದಿಂದ. “ನಿಮ್ಮ ಆಫೀಸಿನಾಗ ಯಾರೋ ಭಾಳ ಓದಿದ ಮೇಡಮ್ಮಾರು ಒಬ್ಬರು ಅದಾರಂತ. ಅವರು ಹೇಳಿದ್ದು ಎಂದೂ ಸುಳ್ಳಾಗಂಗಿಲ್ಲಂತ. ಅವರ ಹೇಳ್ಯಾರ, ಹದಿನೈದ ದಿನ ಬಿಡಬ್ಯಾಡ್ರಿ, ಅತ್ತರೂ ಬಿಡಬ್ಯಾಡ್ರಿ ಅಂತ. ಈಗ ನಾಕ ದಿನ ಆಗ್ಯಾವು. ಇನ್ನ ಹನ್ನೊಂದ ಉಳದಾವು.”